ನೂರರ ಮಿತಿ, ಹದಿನಾರು ನಿಮಿಷದ ಅವಸರ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಎಂಟು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ನಿರ್ಮಾಣಗೊಂಡು, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಸ್ತೆಯ ಸುತ್ತ ಜಗಳಗಳಿಗೆ ಬರವಿರಲಿಲ್ಲ. ಟೋಲ್ ದರ ಹೆಚ್ಚಾಯಿತೆಂದು ಒಂದು, ರಾಮನಗರದ ಬಳಿ ಮಳೆನೀರು ನಿಂತಿತೆಂದು ಇನ್ನೊಂದು, ರಸ್ತೆಯ ಕೀರ್ತಿ ಯಾವ ಪಕ್ಷಕ್ಕೆ ಸಲ್ಲಬೇಕೆಂದು ಮತ್ತೊಂದು. ಅವೆಲ್ಲ ತಣ್ಣಗಾದರೂ ವೇಗಮಿತಿಯ ತಕರಾರು ಮಾತ್ರ ಇನ್ನೂ ಬಿಸಿಯಾಗಿಯೇ ಇದೆ.

ತಕರಾರಿನ ಸಾರ ಇಷ್ಟು: ರಸ್ತೆ ಅಗಲವಾಗಿದೆ, ನೇರವಾಗಿದೆ, ಹೊಸ ಕಾರುಗಳು ಬಲಶಾಲಿಯಾಗಿವೆ, ಟೋಲ್ ಕಟ್ಟಿಯಾಗಿದೆ. ಇಷ್ಟಾದ ಮೇಲೂ ನೂರಕ್ಕೆ ಕಡಿವಾಣ ಹಾಕುವುದು ದಂಡ ವಸೂಲಿಯ ನೆಪವಲ್ಲದೆ ಇನ್ನೇನು? ಈ ವಾದದಲ್ಲಿ ರಸ್ತೆಯಿದೆ, ಕಾರಿದೆ, ಕಾರಿನ ಒಡೆಯನಿದ್ದಾನೆ; ಅದೇ ರಸ್ತೆಯಲ್ಲಿರುವ ಬೇರೆ ಯಾರೂ ಇಲ್ಲ. ಅದರ ದೋಷವಿರುವುದೇ ಅಲ್ಲಿ.

ಲೆಕ್ಕವನ್ನೇ ನೋಡಬಹುದು. ಹೆದ್ದಾರಿಯ ಉದ್ದ ಸುಮಾರು 118 ಕಿ.ಮೀ. ಒಂದೇ ಸಮನೆ 100ರ ವೇಗದಲ್ಲಿ ಹೋದರೆ 71 ನಿಮಿಷ, 130ರಲ್ಲಿ ಹೋದರೆ ಸುಮಾರು 55 ನಿಮಿಷ. ಉಳಿತಾಯ ಹದಿನಾರು ನಿಮಿಷ, ಅದೂ ನಡುವೆ ಎಲ್ಲಿಯೂ ಬ್ರೇಕ್ ಒತ್ತದೆ ಹೋದರೆ. ಕೆಂಗೇರಿಯ ಕಡೆಯ ವಾಹನದಟ್ಟಣೆ ಆ ಹದಿನಾರು ನಿಮಿಷವನ್ನು ಒಂದೇ ತುತ್ತಿಗೆ ನುಂಗಬಲ್ಲದು.

ಇನ್ನು ಆ ಹದಿನಾರು ನಿಮಿಷದ ಬೆಲೆ. ಎದುರಿಗೆ ಅಡಚಣೆ ಕಂಡು ಬ್ರೇಕ್ ಮೇಲೆ ಕಾಲಿಡಲು ಚಾಲಕನಿಗೆ ಒಂದೂವರೆ ಸೆಕೆಂಡ್ ಬೇಕೆಂದುಕೊಂಡರೆ, 100ರ ವೇಗದ ಕಾರು ಅಷ್ಟರಲ್ಲಿ 42 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನ ಮೇಲೆ, ಪೂರ್ತಿ ನಿಲ್ಲಲು ಮತ್ತೆ 55 ಮೀಟರ್. ಒಟ್ಟು 97. ಇದೇ ಲೆಕ್ಕದಲ್ಲಿ 130ರ ಕಾರಿಗೆ ಬೇಕಾಗುವುದು 147 ಮೀಟರ್. ಐವತ್ತು ಮೀಟರ್ ತಾನೇ ಎನ್ನುವವರು ಇನ್ನೊಂದು ಅಂಕಿಯನ್ನು ಗಮನಿಸಬೇಕು. ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ಹಾಯುವಾಗ, ಬ್ರೇಕ್ ಅಷ್ಟೇ ಬಲವಾಗಿ ಒತ್ತಿದ್ದರೂ, ಅದರ ವೇಗ ಇನ್ನೂ 95 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಚಾಲಕನ ಕೈಚಳಕ ಎಷ್ಟೇ ಇದ್ದರೂ ಈ ಗಣಿತ ಬದಲಾಗುವುದಿಲ್ಲ. ಮಳೆ ಬಿದ್ದರೆ ಬದಲಾಗುತ್ತದೆ, ಆದರೆ ಕೆಟ್ಟದ್ದರ ಕಡೆಗೆ.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಂತೆ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ 71ರಷ್ಟು ಸಾವು ಅತಿವೇಗದ ಲೆಕ್ಕಕ್ಕೆ ಹೋಗಿದೆ. ಕಾರಣ ಸರಿಯಾಗಿ ಗೊತ್ತಾಗದ ಅಪಘಾತವನ್ನೂ ಅತಿವೇಗದ ಕಾಲಂಗೆ ಸೇರಿಸುವುದುಂಟು ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪಬೇಕು. ಆದರೆ ಅದೇ ವರದಿಯ ಇನ್ನೊಂದು ಲೆಕ್ಕಕ್ಕೆ ಇಂಥ ಆಕ್ಷೇಪವಿಲ್ಲ. ಸತ್ತವರಲ್ಲಿ ಶೇ 44ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19ರಷ್ಟು ಜನ ನಡೆದು ಹೋಗುತ್ತಿದ್ದವರು. ಏರ್‌ಬ್ಯಾಗ್ ಇಲ್ಲದವರೇ ಹೆಚ್ಚು ಸಾಯುತ್ತಿದ್ದಾರೆ.

ದಶಪಥದಲ್ಲಿ ಇವರಿಗೆ ಆದದ್ದೇನು? ಉದ್ಘಾಟನೆಯಾದ ವರ್ಷದ ಮೊದಲ ಆರು ತಿಂಗಳಲ್ಲೇ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಹೆದ್ದಾರಿ ಪ್ರಾಧಿಕಾರ ತೆಗೆದುಕೊಂಡ ದೊಡ್ಡ ಕ್ರಮವೆಂದರೆ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟದ್ದು. ಸುರಕ್ಷತೆಯ ದೃಷ್ಟಿಯಿಂದ ಆ ನಿರ್ಧಾರ ತಪ್ಪಲ್ಲ. ಆದರೂ ಅದರೊಳಗಿನ ನ್ಯಾಯವನ್ನು ನೋಡಬೇಕು. ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಸುತ್ತಲ ಹಳ್ಳಿಗಳ ಬೈಕ್ ಸವಾರರು ಕಾರಿನವರ ವೇಗಕ್ಕಾಗಿ ಮುಖ್ಯ ರಸ್ತೆಯ ಆರು ಲೇನ್‌ಗಳನ್ನು ಪೂರ್ತಿ ಬಿಟ್ಟುಕೊಟ್ಟು ಸರ್ವಿಸ್ ರಸ್ತೆಗೆ ಇಳಿದರು. ಪ್ರತಿಯಾಗಿ ಕಾರಿನವರಿಂದ ಕೇಳಿದ್ದು ಫಲಕದ ಮೇಲೆ ಬರೆದ ಒಂದು ಅಂಕಿಯನ್ನು ಮೀರಬೇಡಿ ಎಂದಷ್ಟೇ. ಅದನ್ನು ದಬ್ಬಾಳಿಕೆ ಎನ್ನಲಾಗುತ್ತಿದೆ.

ಕಾನೂನಿನ ಗೊಂದಲವೂ ಈ ಧೋರಣೆಗೆ ನೀರೆರೆದಿದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳ ಗರಿಷ್ಠ ಮಿತಿಯನ್ನು 120ಕ್ಕೆ ಏರಿಸಿತು. ಅಪಘಾತ ಪರಿಹಾರದ ಮೇಲ್ಮನವಿಯೊಂದರಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ ಆ ಅಧಿಸೂಚನೆಯನ್ನೇ ರದ್ದುಪಡಿಸಿತು. ಕರ್ನಾಟಕದ ಪೊಲೀಸರು 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪ್ರಕಟಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಚಾಲಕರ ಕಿವಿಗೆ ಬಿದ್ದದ್ದು ಬೇರೆ: ನೂರ ಇಪ್ಪತ್ತೊಂಬತ್ತರವರೆಗೆ ಸಲಿಗೆ ಉಂಟು, ಹೆಚ್ಚೆಂದರೆ ಸಾವಿರ ರೂಪಾಯಿ ದಂಡ. ಇಪ್ಪತ್ತು ಲಕ್ಷದ ಕಾರಿನವನಿಗೆ ಸಾವಿರ ರೂಪಾಯಿ ಇನ್ನೊಂದು ಟೋಲ್ ಇದ್ದಂತೆ.

ಜರ್ಮನಿಯ ಆಟೋಬಾನ್ ಉದಾಹರಣೆಯೂ ಈ ಚರ್ಚೆಯಲ್ಲಿ ತಪ್ಪದೆ ಬರುತ್ತದೆ. ಅಲ್ಲಿ ಹಲವೆಡೆ ಮಿತಿಯಿಲ್ಲ, ನಿಜ. ಆದರೆ 130ನ್ನು ಮೀರಬೇಡಿ ಎಂಬ ಅಧಿಕೃತ ಸಲಹೆ 1970ರ ದಶಕದಿಂದಲೂ ಇದೆ. ಓವರ್‌ಟೇಕ್ ಮುಗಿಸಿದವನು ಕೂಡಲೇ ತನ್ನ ಬದಿಗೆ ಮರಳುವ ಶಿಸ್ತು ಅಲ್ಲಿನ ವೇಗದ ಜೊತೆಗೇ ಬೆಳೆದುಬಂದಿದೆ. ಇಲ್ಲಿಗೆ ಆಮದಾಗಿರುವುದು ವೇಗ ಮಾತ್ರ.

ದಶಪಥದ ಬಲತುದಿಯ ಲೇನನ್ನು ಲಾರಿಯೊಂದು ಮೈಲುಗಟ್ಟಲೆ ಹಿಡಿದುಕೊಂಡು ಹೋಗುತ್ತದೆ. ಅದರ ಬೆನ್ನಿಗೆ ಅಂಟಿಕೊಂಡ ಕಾರು ಹೈ ಬೀಮ್ ಮಿನುಗಿಸಿ, ಹಾರ್ನ್ ಬಾರಿಸಿ, ಕೊನೆಗೆ ಎಡದಿಂದ ನುಗ್ಗುತ್ತದೆ. ಎಡಬದಿಯಲ್ಲಿರಬೇಕು, ಮುಂದಿನ ವಾಹನದಿಂದ ಅಂತರ ಕಾಯಬೇಕು, ಇನ್ನೊಬ್ಬರು ಓವರ್‌ಟೇಕ್ ಮಾಡುವಾಗ ವೇಗ ಹೆಚ್ಚಿಸಬಾರದು ಎಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಬರೆದು ತೋರಿಸಿದವರಿಗೆ ಇದನ್ನು ಕಲಿಸಿದವರು ಯಾರು? ಹಾಗೆಂದು ನಿಧಾನವಾಗಿ ಹೋಗುವವರೆಲ್ಲ ಸಾಧುಗಳಲ್ಲ. 60ರ ವೇಗದಲ್ಲಿ ಬಲತುದಿಯಲ್ಲಿ ತೆವಳುವವನೂ ಹಿಂದಿನವರನ್ನು ಮರೆತವನೇ.

ರಸ್ತೆಯ ವಿನ್ಯಾಸದ ಮೇಲೂ ದೂರುಗಳಿವೆ. ಅಡ್ಡ ದಾಟಲು ಸಾಕಷ್ಟು ಪಾದಚಾರಿ ಮೇಲ್ಸೇತುವೆಗಳಿರಲಿಲ್ಲ, ಬೇಲಿ ಕತ್ತರಿಸಿ ಜನ ದಾಟುತ್ತಿದ್ದರು. ಆ ತಪ್ಪಿಗೆ ಪ್ರಾಧಿಕಾರವೇ ಹೊಣೆ. ಆದರೆ ರಸ್ತೆ ದೋಷಪೂರ್ಣ ಎಂದು ಕಂಡವನು ನಿಧಾನಿಸಬೇಕಲ್ಲದೆ, ಅದನ್ನೇ ಮುಂದಿಟ್ಟು ಮಿತಿ ತೆಗೆಯಿರಿ ಎನ್ನಲಾಗದು.

ಈಗಿನ ಕ್ಯಾಮೆರಾ ವ್ಯವಸ್ಥೆಗೆ ಒಂದು ಕೊರತೆಯಿದೆ. ಕಂಬ ಎಲ್ಲಿದೆಯೆಂದು ಮೊಬೈಲ್ ಮ್ಯಾಪ್ ಮೊದಲೇ ಹೇಳುತ್ತದೆ. ಅಲ್ಲಿ ತಗ್ಗಿದ ವೇಗ ಅರ್ಧ ಕಿಲೋಮೀಟರ್ ದಾಟುವಷ್ಟರಲ್ಲಿ ಮತ್ತೆ ಏರುತ್ತದೆ. ಇಟಲಿ 2005ರಿಂದಲೇ ತನ್ನ ಹೆದ್ದಾರಿಗಳಲ್ಲಿ ಎರಡು ಬಿಂದುಗಳ ನಡುವಿನ ಸರಾಸರಿ ವೇಗ ಅಳೆಯುತ್ತಿದೆ. ಟೋಲ್ ದಾಟಿದ ಫಾಸ್ಟ್ಯಾಗ್ ಸಮಯವನ್ನೇ ಇದಕ್ಕೆ ಬಳಸಬಹುದೆಂಬ ಸಲಹೆ ಆಕರ್ಷಕವಾಗಿದ್ದರೂ, ಟೋಲ್‌ಗಳ ನಡುವಿನ ದೂರ ಹೆಚ್ಚು. ದಾರಿಯಲ್ಲಿ ಮದ್ದೂರು ವಡೆಗೆಂದು ಅರ್ಧ ಗಂಟೆ ನಿಂತವನ ಸರಾಸರಿ ತಾನಾಗಿ ಇಳಿದುಬಿಡುತ್ತದೆ. ಹತ್ತು ಕಿಲೋಮೀಟರ್ ಅಂತರದ ಎರಡು ಕ್ಯಾಮೆರಾಗಳಿಗೆ ಆ ತೊಡಕು ಅಷ್ಟಿಲ್ಲ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ದಶಪಥದ ಉದ್ದಕ್ಕೂ ಈಗಾಗಲೇ ನಿಂತಿವೆ. ಅವನ್ನು ಜೋಡಿ ಮಾಡಿ, ಸರಾಸರಿ ವೇಗದ ಮೇಲೆ ದಂಡ ವಿಧಿಸುವ ಕೆಲಸವನ್ನು ಸರ್ಕಾರ ತಡಮಾಡದೆ ಶುರುಮಾಡಬೇಕು.