ಮೇಲೆ ಬೀಳುವ ಡಕಾಯಿತ ದಡ್ಡನಲ್ಲ

ಡ್ರ್ಯಾಗನ್ನನ್ನೇ ಕೊಂದು ಅದರ ಮೂಳೆಯ ಕವಚ ತೊಟ್ಟು ಬರುವ ವೀರನ ಮೇಲೆ, ಮುರುಕು ಕತ್ತಿಯ ಡಕಾಯಿತನೊಬ್ಬ ಅಬ್ಬರಿಸುತ್ತಾ ಬೀಳುತ್ತಾನೆ. 2011ರ ‘ಸ್ಕೈರಿಮ್’ ವಿಡಿಯೋ ಗೇಮ್ ಆಡಿದವರೆಲ್ಲ ಇದಕ್ಕೆ ನಕ್ಕವರೇ. ಹುದಿಕೇರಿಯ ಮಳೆಗಾಲದಲ್ಲಿ, ಕರೆಂಟು ಇದ್ದಷ್ಟು ಹೊತ್ತು, ನಾನೂ ಆಡಿದ್ದೇನೆ, ನಕ್ಕಿದ್ದೇನೆ. ಆದರೆ ನಗುವವರು ಕೊಡುವ ಕಾರಣಗಳನ್ನು ಒಪ್ಪಲಾರೆ.

ಪ್ರಕೃತಿಯಲ್ಲಿ ಇಂಥ ಹುಚ್ಚುತನವಿಲ್ಲ, ಬಲಹೀನ ಪ್ರಾಣಿ ಓಡಿಹೋಗುತ್ತದೆ ಎಂಬುದು ಮೊದಲ ಆಕ್ಷೇಪ. ಹೀಗೆನ್ನುವವರು ಕಾಫಿ ಕೊಯ್ಲಿಗೆ ಒಂದು ದಿನ ಬರಲಿ. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳ ಕೊಂಬೆಗೆ ಕೈ ತಾಗಿದರೆ ಸಾಕು, ಅಂಗಿಯೊಳಗೆ ನುಗ್ಗಿ ಕಚ್ಚುತ್ತವೆ; ಹೊಸಕಿದರೂ ಹಿಡಿತ ಬಿಡುವುದಿಲ್ಲ. ವಂಶ ಬೆಳೆಸುವವಳು ರಾಣಿ. ಕೆಲಸದ ಇರುವೆ ಸತ್ತರೆ ಗೂಡಿಗೇನೂ ದೊಡ್ಡ ನಷ್ಟವಿಲ್ಲ. ಅದೇ ತೋಟದ ಮರಗಳಲ್ಲಿ ಭೀಮರಾಜ ಹಕ್ಕಿಯೂ ಇದೆ. ತೂಕ ನೂರು ಗ್ರಾಂ ಆಸುಪಾಸು. ಗೂಡಿನ ಹತ್ತಿರ ಹದ್ದು ಸುಳಿದರೆ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ. ಡಕಾಯಿತನ ಪಾಡೂ ಅದೇ ಅಲ್ಲವೇ? ಗುಹೆ ಅವನದು, ಕರೆಯದೆ ನುಗ್ಗಿದವರು ನಾವು.

ಇದೆಲ್ಲ ಆಟ ಕಟ್ಟಿದವರ ಸೋಮಾರಿತನ, ಶತ್ರುವಿಗೆ ಹೆದರಿಕೆ ಕಲಿಸಲು ಅವರಿಗೆ ಬರುವುದಿಲ್ಲ ಎಂಬುದು ಇನ್ನೊಂದು ಮಾತು. 1980ರ ‘ಪ್ಯಾಕ್‌ಮ್ಯಾನ್’ನಲ್ಲೇ ದೊಡ್ಡ ಚುಕ್ಕೆ ನುಂಗಿದ ಕೂಡಲೇ ಭೂತಗಳು ನೀಲಿಗಟ್ಟಿ ಓಡುತ್ತಿದ್ದವು. 1994ರಲ್ಲಿ ಜಪಾನಿನಲ್ಲಿ ಬಂದ ‘ಮದರ್ 2’ರಲ್ಲಿ ಆಟಗಾರ ಬಲಿತ ಮೇಲೆ ಪುಡಿ ಶತ್ರುಗಳು ಅವನನ್ನು ಕಂಡೊಡನೆ ಕಾಲ್ಕೀಳುತ್ತವೆ. ಸ್ಕೈರಿಮ್‌ನಲ್ಲಂತೂ ಒಂದೊಂದು ಪಾತ್ರಕ್ಕೂ ಧೈರ್ಯದ ಅಂಕವಿದೆ: 0 ಎಂದರೆ ಪುಕ್ಕಲ, 4 ಎಂದರೆ ಸತ್ತರೂ ಓಡದವನು. ಏಟು ತಿಂದು ಓಡುವ ಡಕಾಯಿತರೂ ಅಲ್ಲಿದ್ದಾರೆ. ಎಲ್ಲರನ್ನೂ ಓಡಿಸದಿರುವುದು ಬೇಕೆಂದೇ ಮಾಡಿದ್ದು. ಓಡುವವನ ಬೆನ್ನು ಹತ್ತಿ ಗುಡ್ಡ ಸುತ್ತುವ ಬೇಸರ ಆಡಿದವರಿಗೇ ಗೊತ್ತು. ಅದಿರಲಿ, ಹೋದ ವಾರ ಬೆವರಿಳಿಸಿದವನು ಇವತ್ತು ಒಂದೇ ಏಟಿಗೆ ಬಿದ್ದಾಗ ತಾನೆ ನಾನು ಬೆಳೆದದ್ದು ನನಗೆ ತಿಳಿಯುವುದು?

ಮಕ್ಕಳು ಹುಂಬತನ ಕಲಿಯುತ್ತಾರಂತೆ. ಪ್ರತಿ ಸಲವೂ ಸಾಯುವವನನ್ನು ನೋಡಿ ಯಾವ ಮಗು ಹಾಗಾಗಲು ಬಯಸೀತು?

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಹತ್ತು ಜನ ಕಣ್ಣೆದುರೇ ಉರುಳಿದ ಮೇಲೂ ಹನ್ನೊಂದನೆಯವನು ಅದೇ ಅಬ್ಬರದಲ್ಲಿ ಬರುವುದು. ಭೀಮರಾಜ ಹದ್ದಿನ ಕೊಕ್ಕಿಗೆ ಎದುರಾಗಿ ಹೋಗುವುದಿಲ್ಲ. ಮೇಲಿನಿಂದ, ಬೆನ್ನ ಹಿಂದಿನಿಂದ ಎರಗುತ್ತದೆ, ಹದ್ದು ದೂರವಾದೊಡನೆ ತನ್ನ ಮರಕ್ಕೆ ಮರಳುತ್ತದೆ. 2001ರ ‘ಹೇಲೋ’ದಲ್ಲಿ ನಾಯಕ ಸತ್ತನೆಂದರೆ ಕುಳ್ಳ ಗ್ರಂಟ್‌ಗಳು ಕೈ ಮೇಲೆತ್ತಿ ಕಿರುಚುತ್ತಾ ಚೆದರುತ್ತವೆ. ಸ್ಕೈರಿಮ್‌ನವರೂ ಅಷ್ಟು ಮಾಡಬಹುದಿತ್ತು.

ಹನ್ನೊಂದನೆಯವನನ್ನು ಕಂಡು ನಗಿ, ನಾನೂ ಜೊತೆ ಸೇರುತ್ತೇನೆ. ಮೊದಲನೆಯವನನ್ನು ಬಿಟ್ಟುಬಿಡಿ.