ಚರ್ಚೆಗೆ ಲೈಕ್ ಲೆಕ್ಕ ಬೇಡ

ಸಾರ್ವಜನಿಕ ವಿಷಯವೊಂದರ ಮೇಲೆ ಜನರು ತಮ್ಮ ವಾದವನ್ನು ಬರೆದು, ಇತರರ ವಾದವನ್ನು ಓದಿ, ಅದಕ್ಕೆ ಉತ್ತರ ಕೊಡುವ ಅಂತರ್ಜಾಲದ ಚರ್ಚಾವೇದಿಕೆಗಳಲ್ಲಿ ಲೈಕ್ ಗುಂಡಿ ಇರಬೇಕೇ ಎಂಬ ಪ್ರಶ್ನೆ ತಂತ್ರಾಂಶ ರೂಪಿಸುವವರಿಗೆ ಬಿಟ್ಟುಬಿಡಬಹುದಾದ ಸಣ್ಣ ಸಂಗತಿಯೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಹೆದ್ದಾರಿ ಅಗಲೀಕರಣದಿಂದ ಹಿಡಿದು ಯಕ್ಷಗಾನದ ಕಾಲಮಿತಿಯವರೆಗೆ ಊರಿನ ಬಹುತೇಕ ವಿಷಯಗಳ ಮೇಲೆ ಜನಾಭಿಪ್ರಾಯ ರೂಪುಗೊಳ್ಳುವುದು ಈಗ ಫೇಸ್‌ಬುಕ್ ಪುಟಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಮತ್ತು ಯೂಟ್ಯೂಬ್ ಕಮೆಂಟುಗಳಲ್ಲಿ ಆಗಿರುವುದರಿಂದ, ಆ ಜಾಗಗಳಲ್ಲಿ ಯಾವ ಮಾತು ಮೇಲೆ ಬರುತ್ತದೆ, ಯಾವುದು ಕಾಣದೆ ಹೋಗುತ್ತದೆ ಎಂಬುದು ಊರಿನ ವಿವೇಕಕ್ಕೇ ಸೇರಿದ ಪ್ರಶ್ನೆಯಾಗಿದೆ. ಚರ್ಚೆಗೆಂದೇ ಇರುವ ವೇದಿಕೆಯಲ್ಲಿ ಎಲ್ಲರಿಗೂ ಕಾಣುವ ಲೈಕ್ ಎಣಿಕೆ ಇರಕೂಡದು, ಮೆಚ್ಚುಗೆ ಸೂಚಿಸಬೇಕೆನ್ನುವವರಿಗೆ ಅದು ಬರೆದವರಿಗೆ ಮಾತ್ರ ತಲುಪುವ ದಾರಿಯೊಂದು ಸಾಕು ಎಂಬುದು ಈ ಲೇಖನದ ವಾದ.

ಫೇಸ್‌ಬುಕ್ ತನ್ನ ಲೈಕ್ ಗುಂಡಿಯನ್ನು 2009ರ ಫೆಬ್ರವರಿಯಲ್ಲಿ ಆರಂಭಿಸಿತು. ಯೂಟ್ಯೂಬ್ 2010ರಲ್ಲಿ ಐದು ನಕ್ಷತ್ರಗಳ ಶ್ರೇಣಿಯನ್ನು ಕೈಬಿಟ್ಟು ಲೈಕ್ ಮತ್ತು ಡಿಸ್‌ಲೈಕ್ ಗುಂಡಿಗಳಿಗೆ ಬದಲಾಯಿಸಿಕೊಂಡಿತು. 2022ರಲ್ಲಿ ವಾಟ್ಸಾಪಿಗೂ ಸಂದೇಶದ ಕೆಳಗೆ ಹೆಬ್ಬೆರಳು, ಹೃದಯ ಮುಂತಾದ ಚಿಹ್ನೆಗಳನ್ನು ಅಂಟಿಸುವ ಸೌಲಭ್ಯ ಬಂತು. ಇವೆಲ್ಲ ಮೂಲತಃ ಮಗುವಿನ ಫೋಟೋ, ಮದುವೆಯ ಸುದ್ದಿ, ಹಾಡಿನ ವಿಡಿಯೊಗಳಂಥವಕ್ಕೆ ಒಪ್ಪುವ ಏರ್ಪಾಡುಗಳು, ಏಕೆಂದರೆ ಅಲ್ಲಿ ನೋಡಿದವರಿಂದ ಯಾರೂ ವಾದವನ್ನು ನಿರೀಕ್ಷಿಸುವುದಿಲ್ಲ, ಸಂತೋಷವನ್ನಷ್ಟೇ ನಿರೀಕ್ಷಿಸುತ್ತಾರೆ. ತೊಂದರೆ ಶುರುವಾದದ್ದು ಅದೇ ಗುಂಡಿಯನ್ನು ಯಾವ ಬದಲಾವಣೆಯೂ ಇಲ್ಲದೆ ವಾದ-ಪ್ರತಿವಾದಗಳ ಕೆಳಗೂ ಇಟ್ಟಾಗ.

ಈ ಮೂರು ತಾಲ್ಲೂಕುಗಳ ಜನರಿಗೆ ಚರ್ಚೆ ಎಂದರೆ ಏನೆಂದು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ, ಮಳೆಗಾಲವಿಡೀ ದೇವಸ್ಥಾನದ ಅಂಗಳಗಳಲ್ಲೂ ಸಭಾಭವನಗಳಲ್ಲೂ ನಡೆಯುವ ತಾಳಮದ್ದಳೆಯು ವೇಷ ಮತ್ತು ಕುಣಿತಗಳಿಲ್ಲದ ಯಕ್ಷಗಾನ. ಅದರಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಬಳಿಕ ಪಾತ್ರ ವಹಿಸಿದವರು ಆ ಪದ್ಯದ ಭಾವವನ್ನು ಆ ಕ್ಷಣದಲ್ಲೇ ಕಟ್ಟಿದ ಮಾತಿನಿಂದ ವಿಸ್ತರಿಸುತ್ತಾರೆ. ಈ ಕಲೆಗೆ ಅರ್ಥಗಾರಿಕೆ ಎಂದೂ ಮಾತಾಡುವವರಿಗೆ ಅರ್ಥಧಾರಿ ಎಂದೂ ಹೆಸರು. ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತಾಗ ಒಬ್ಬರು ಎತ್ತಿದ ಪ್ರಶ್ನೆಯನ್ನು ಇನ್ನೊಬ್ಬರು ಅಲ್ಲಿಯೇ ಎದುರಿಸಬೇಕು, ತಪ್ಪಿಸಿಕೊಂಡರೆ ಅದು ಸಭೆಗೆ ಗೊತ್ತಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ, ಮಾಗಧರಂಥ ಪ್ರತಿನಾಯಕರಿಗೆ ಕೊಟ್ಟ ಸಮರ್ಥನೆಗಳನ್ನು ಕರಾವಳಿಯ ಪ್ರೇಕ್ಷಕರು ಇಂದಿಗೂ ನೆನೆಯುವುದು, ಕಥೆಯಲ್ಲಿ ಸೋಲುವ ಪಾತ್ರವೂ ತರ್ಕದಲ್ಲಿ ಗೆಲ್ಲಬಹುದು ಎಂಬುದನ್ನು ಅವರು ತೋರಿಸಿಕೊಟ್ಟರೆಂಬ ಕಾರಣಕ್ಕೆ.

‘ವಾಲಿವಧೆ’ ಪ್ರಸಂಗದ ಸಂವಾದವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಶಿಸ್ತು ಸ್ಪಷ್ಟವಾಗುತ್ತದೆ. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ, ತಾನು ರಾಮನಿಗೆ ಯಾವ ಅಪರಾಧ ಮಾಡಿದೆನೆಂದೂ, ಎದುರು ನಿಂತು ಹೋರಾಡದೆ ಅಡಗಿ ಹೊಡೆದದ್ದು ಯಾವ ಕ್ಷಾತ್ರವೆಂದೂ, ಸೀತೆಯನ್ನು ತರಬೇಕಿದ್ದರೆ ತನ್ನನ್ನೇ ಏಕೆ ಕೇಳಲಿಲ್ಲವೆಂದೂ ಪ್ರಶ್ನಿಸುತ್ತಾನೆ. ಈ ಮೂರೂ ಪ್ರಶ್ನೆಗಳು ಕೇಳಿದ ಕೂಡಲೇ ಮನಸ್ಸಿಗೆ ನಾಟುವಂಥವು. ರಾಮನ ಉತ್ತರಗಳಾದರೋ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಶಾಸ್ತ್ರ ಹೇಳುವ ಶಿಕ್ಷೆ, ಭರತನ ಆಳ್ವಿಕೆಗೆ ಒಳಪಟ್ಟ ನೆಲದಲ್ಲಿ ಧರ್ಮರಕ್ಷಣೆಯ ಹೊಣೆ, ಬೇಟೆಯ ನಿಯಮ ಎಂದು ನಿಧಾನವಾಗಿ ಒಂದರ ಮೇಲೊಂದು ಕಟ್ಟಬೇಕಾದ ವಾದಗಳು, ಮತ್ತು ಅವುಗಳಲ್ಲಿ ಪ್ರತಿಯೊಂದಕ್ಕೂ ವಾಲಿಯ ಬಳಿ ಮರುಪ್ರಶ್ನೆಯಿದೆ. ಪ್ರತಿ ವಾಕ್ಯದ ಬೆನ್ನಿಗೆ ಎಷ್ಟು ಜನ ಮೆಚ್ಚಿದರೆಂಬ ಅಂಕಿ ಅರ್ಥಧಾರಿಗಳ ತಲೆಯ ಮೇಲೆ ಬರೆದು ತೋರಿಸುವ ವ್ಯವಸ್ಥೆ ಇದ್ದಿದ್ದರೆ, ವಾಲಿಯ ಮೊದಲ ಆರೋಪಕ್ಕೇ ಅಂಕಿ ಏರಿ, ರಾಮನ ಉತ್ತರ ಅರ್ಧಕ್ಕೆ ಬರುವ ಮೊದಲೇ ಸಭೆಯ ಮನಸ್ಸು ಮುಚ್ಚಿಹೋಗುತ್ತಿತ್ತು; ರಾಮನ ಪಾತ್ರಧಾರಿ ಮುಂದಿನ ಸಲ ತರ್ಕವನ್ನು ಬಿಟ್ಟು ಅಂಕಿ ಏರಿಸುವ ಮಾತನ್ನೇ ಹುಡುಕುತ್ತಿದ್ದರು. ಅಗ್ಗದ ಚಪ್ಪಾಳೆಗಾಗಿ ಔಚಿತ್ಯ ಮೀರಿ ಮಾತಾಡುವುದನ್ನು ಯಕ್ಷಗಾನ ವಿಮರ್ಶೆ ಯಾವತ್ತಿನಿಂದಲೂ ಆಕ್ಷೇಪಿಸುತ್ತ ಬಂದಿರುವುದು ಈ ಅಪಾಯವನ್ನು ತಿಳಿದೇ. ಚಪ್ಪಾಳೆಯಾದರೂ ಒಂದು ಕ್ಷಣ ಕೇಳಿ ನಿಲ್ಲುತ್ತದೆ, ಲೈಕ್ ಎಣಿಕೆ ಮಾತ್ರ ಬರಹದ ಕೆಳಗೆ ಶಾಶ್ವತವಾಗಿ ಉಳಿದು, ಆಮೇಲೆ ಬಂದ ಪ್ರತಿಯೊಬ್ಬ ಓದುಗನಿಗೂ ಓದುವ ಮೊದಲೇ ತೀರ್ಪು ಹೇಳುತ್ತದೆ.

ಈ ಮಾತು ಬರೀ ಊಹೆಯಲ್ಲ. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಎಂಬ ಸಂಶೋಧಕರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುದ್ದಿಚರ್ಚೆಯ ಜಾಲತಾಣವೊಂದರ ಒಂದು ಲಕ್ಷಕ್ಕೂ ಹೆಚ್ಚು ಕಮೆಂಟುಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕೆಲವಕ್ಕೆ ಗುಣ ನೋಡದೆ, ಚೀಟಿ ಎತ್ತಿದ ಹಾಗೆ, ಆರಂಭದಲ್ಲೇ ಒಂದು ಮೆಚ್ಚುಗೆಯ ಮತವನ್ನು ಸೇರಿಸಲಾಯಿತು. ಹಾಗೆ ಮತ ಪಡೆದ ಕಮೆಂಟನ್ನು ಮೊದಲು ನೋಡಿದವರು ಅದಕ್ಕೆ ಇನ್ನೊಂದು ಮೆಚ್ಚುಗೆ ಕೊಡುವ ಸಂಭವ ಶೇ. 32ರಷ್ಟು ಹೆಚ್ಚಿತು, ಕೊನೆಗೆ ಅಂಥ ಕಮೆಂಟುಗಳ ಒಟ್ಟು ಅಂಕ ಸರಾಸರಿ ಶೇ. 25ರಷ್ಟು ಮೇಲೇರಿತು. ಇದರ ಅರ್ಥ, ಎಣಿಕೆ ಜನರ ಅಭಿಪ್ರಾಯವನ್ನು ಅಳೆಯುವುದಷ್ಟೇ ಅಲ್ಲ, ಅಳೆಯುತ್ತಲೇ ಅಭಿಪ್ರಾಯವನ್ನು ಹುಟ್ಟಿಸುತ್ತದೆ. ಮೊದಲು ಬಂದ ಒಬ್ಬಿಬ್ಬರ ಬೆರಳು ಅನಂತರದ ಸಾವಿರಾರು ಜನರ ವಿವೇಚನೆಯನ್ನು ಬಾಗಿಸುತ್ತದೆ. ಊರಿನ ಗುಂಪೊಂದರಲ್ಲಿ ಮೊದಲ ಹತ್ತು ಲೈಕುಗಳನ್ನು ಒತ್ತಿಸುವುದು ನಾಲ್ಕು ಗೆಳೆಯರಿರುವ ಯಾರಿಗೂ ಕಷ್ಟವಲ್ಲ ಎಂಬುದನ್ನು ಇದರ ಜೊತೆಗೆ ಸೇರಿಸಿಕೊಂಡರೆ, ಆ ಅಂಕಿಗೆ ಜನಾಭಿಪ್ರಾಯವೆಂಬ ಗೌರವ ಕೊಡುವುದು ಎಷ್ಟು ತಪ್ಪೆಂದು ತಿಳಿಯುತ್ತದೆ.

ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ವಿದ್ಯುತ್ ಮಾರ್ಗವನ್ನು ಮೂಡುಬಿದಿರೆ ಮತ್ತು ಬಂಟ್ವಾಳ ಭಾಗದ ಕೃಷಿಕರು ವಿರೋಧಿಸಿದಾಗ ಎದ್ದ ಪ್ರಶ್ನೆಗಳ ಸ್ವರೂಪವನ್ನು ಗಮನಿಸಬಹುದು. ತಂತಿಯ ಕೆಳಗೆ ಅಡಿಕೆ ತೋಟ ಉಳಿಯುತ್ತದೆಯೇ, ಗೋಪುರ ನಿಲ್ಲುವ ಜಾಗಕ್ಕೆ ಮತ್ತು ತಂತಿ ಹಾಯುವ ಜಾಗಕ್ಕೆ ಪರಿಹಾರ ಬೇರೆ ಬೇರೆಯೇ, ಮಾರ್ಗವನ್ನು ಬದಲಿಸಿದರೆ ಅದು ಇನ್ನಾರ ಜಾಗಕ್ಕೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಸರ್ವೆ ನಂಬ್ರ ಗೊತ್ತಿರುವ ಕೃಷಿಕನೂ ವಿದ್ಯುತ್ ವಿಷಯ ಬಲ್ಲ ಎಂಜಿನಿಯರೂ ಉದ್ದಕ್ಕೆ ಬರೆಯಬೇಕಾಗುತ್ತದೆ, ಮತ್ತು ಆ ಬರಹವನ್ನು ಓದಲು ಐದು ನಿಮಿಷವಾದರೂ ಬೇಕು. ಅದರ ಪಕ್ಕದಲ್ಲೇ ‘ಪ್ರಾಣ ಕೊಟ್ಟೇವು, ಜಾಗ ಕೊಡೆವು’ ಎಂದೋ ‘ಅಭಿವೃದ್ಧಿ ವಿರೋಧಿಗಳಿಗೆ ಧಿಕ್ಕಾರ’ ಎಂದೋ ಬರೆದ ಒಂದು ಸಾಲಿಗೆ ಒಂದು ಸೆಕೆಂಡಿನಲ್ಲಿ ಲೈಕ್ ಒತ್ತಬಹುದು. ಲೈಕ್ ಎಣಿಕೆಯ ಪ್ರಕಾರ ಕಮೆಂಟುಗಳನ್ನು ಮೇಲೆ ಕೆಳಗೆ ಜೋಡಿಸುವ ವೇದಿಕೆಯಲ್ಲಿ ಘೋಷಣೆ ಮೇಲಕ್ಕೂ ಮಾಹಿತಿ ಕೆಳಕ್ಕೂ ಹೋಗುವುದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ಓದಲು ಬೇಕಾದ ಸಮಯದ ವ್ಯತ್ಯಾಸವೇ ಆ ಕೆಲಸವನ್ನು ಮಾಡುತ್ತದೆ.

ಈ ಏರ್ಪಾಡು ಸಿಟ್ಟಿಗೆ ವಿಶೇಷ ಬೆಲೆ ಕಟ್ಟಿದ್ದೂ ಉಂಟು. ಫೇಸ್‌ಬುಕ್ 2016ರಲ್ಲಿ ಲೈಕ್ ಜೊತೆಗೆ ಪ್ರೀತಿ, ನಗು, ಅಚ್ಚರಿ, ದುಃಖ, ಕೋಪಗಳ ಚಿಹ್ನೆಗಳನ್ನು ತಂದು, ಮರುವರ್ಷದಿಂದ ಯಾವ ಪೋಸ್ಟ್ ಯಾರ ಕಣ್ಣಿಗೆ ಬೀಳಬೇಕೆಂದು ನಿರ್ಧರಿಸುವ ಲೆಕ್ಕದಲ್ಲಿ ಈ ಚಿಹ್ನೆಗಳಿಗೆ ಲೈಕಿನ ಐದರಷ್ಟು ತೂಕ ಕೊಟ್ಟಿತ್ತೆಂದೂ, ಕೋಪದ ಚಿಹ್ನೆ ಹೆಚ್ಚಾಗಿ ಬಿದ್ದ ಪೋಸ್ಟುಗಳಲ್ಲಿ ಸುಳ್ಳು ಮಾಹಿತಿಯ ಪ್ರಮಾಣ ಜಾಸ್ತಿಯೆಂದು ಕಂಡ ಮೇಲೆ 2020ರಲ್ಲಿ ಅದರ ತೂಕವನ್ನು ಸೊನ್ನೆಗೆ ಇಳಿಸಿತೆಂದೂ ಕಂಪನಿಯ ಒಳಗಿನ ಕಾಗದಪತ್ರಗಳ ಆಧಾರದ ಮೇಲೆ 2021ರಲ್ಲಿ ವರದಿಯಾಯಿತು. 2017ರಲ್ಲಿ ಕೋಮು ಉದ್ವಿಗ್ನತೆಯಿಂದಾಗಿ ತಿಂಗಳುಗಟ್ಟಲೆ ನಿಷೇಧಾಜ್ಞೆ ಕಂಡ ಬಂಟ್ವಾಳಕ್ಕೆ, 2025ರ ಮೇ ತಿಂಗಳ ಕೊಲೆಗಳ ಬಳಿಕ ದ್ವೇಷದ ಪೋಸ್ಟುಗಳ ಮೇಲೆ ಪೊಲೀಸರು ಪ್ರಕರಣ ದಾಖಲಿಸಬೇಕಾಗಿ ಬಂದ ದಕ್ಷಿಣ ಕನ್ನಡ ಜಿಲ್ಲೆಗೆ, ಇದು ದೂರದೇಶದ ಕಂಪನಿಯೊಂದರ ಸುದ್ದಿಯಾಗಿ ಉಳಿಯುವುದಿಲ್ಲ. ಅಲಹಾಬಾದ್ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ನಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಪೋಸ್ಟಿಗೆ ಲೈಕ್ ಒತ್ತುವುದು ಅದನ್ನು ಪ್ರಕಟಿಸಿದಂತೆಯೋ ರವಾನಿಸಿದಂತೆಯೋ ಆಗದು ಎಂದು ಹೇಳಿತು. ಗುಂಡಿ ಒತ್ತಿದವರನ್ನು ಜೈಲಿಗೆ ಕಳಿಸಬಾರದೆಂಬ ಅರ್ಥದಲ್ಲಿ ಅದು ಸರಿಯಾದ ತೀರ್ಪು. ಆದರೆ ಕಾನೂನಿನ ಕಣ್ಣಿಗೆ ಯಾವ ಹೊಣೆಯೂ ಇಲ್ಲದ ಅದೇ ಒತ್ತು, ಯಂತ್ರದ ಲೆಕ್ಕದಲ್ಲಿ ಪೋಸ್ಟನ್ನು ಸಾವಿರಾರು ಜನರ ಮುಂದೆ ತಂದಿಡುತ್ತದೆ. ಪರಿಣಾಮವಿದ್ದು ಹೊಣೆಯಿಲ್ಲದ ಇಂಥ ಕ್ರಿಯೆಗೆ ಚರ್ಚೆಯಲ್ಲಿ ಜಾಗ ಕೊಡಬಾರದು. ತಾಳಮದ್ದಳೆಯಲ್ಲಿ ಹೇಳಿದವರೇ ಹೇಳಿದ್ದಕ್ಕೆ ಉತ್ತರಿಸಬೇಕು.

ಅಂಕಿಗಳನ್ನೇ ಅನುಮಾನಿಸಬೇಕೆಂದು ಇದರ ಅರ್ಥವಲ್ಲ. ಕಂಬಳದ ಕರೆಯಲ್ಲಿ ಕೋಣಗಳ ಯಾವ ಜೋಡಿ ಮೊದಲು ಗುರಿಯಾದ ಮಂಜೊಟ್ಟಿ ತಲುಪಿತು ಎಂಬುದಕ್ಕೆ ಗಡಿಯಾರವಿದೆ, ಪ್ರೇಕ್ಷಕರ ಬೊಬ್ಬೆ ಅದನ್ನು ಬದಲಿಸದು. ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಸುದ್ದಿ ಬಂದಾಗ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಅವರ 9.58 ಸೆಕೆಂಡಿನ ದಾಖಲೆಯ ಪಕ್ಕದಲ್ಲಿಟ್ಟ ಪೋಸ್ಟುಗಳು ದೇಶವಿಡೀ ಮೆಚ್ಚುಗೆ ಪಡೆದು, ಕೇಂದ್ರ ಕ್ರೀಡಾ ಸಚಿವರು ಅವರನ್ನು ಓಟದ ಪರೀಕ್ಷೆಗೆ ಆಹ್ವಾನಿಸುವವರೆಗೆ ಹೋಯಿತು. ಕೋಣಗಳು ಎಳೆಯುವ ವೇಗದಲ್ಲಿ ಕೆಸರಿನಲ್ಲಿ ಓಡುವುದಕ್ಕೂ ನಿಂತಲ್ಲಿಂದ ಒಬ್ಬನೇ ಟ್ರ್ಯಾಕಿನಲ್ಲಿ ಓಡುವುದಕ್ಕೂ ಹೋಲಿಕೆಯೇ ಇಲ್ಲವೆಂದು ಈ ಕಡೆಯ ಯಾವ ಕಂಬಳಾಭಿಮಾನಿಯೂ ಹೇಳಬಲ್ಲವನಾಗಿದ್ದ; ಗೌಡರು ಸ್ವತಃ ಎರಡೂ ಬೇರೆಯೆಂದು ವಿನಯದಿಂದ ಹೇಳಿ ಆ ಪರೀಕ್ಷೆಗೆ ಹೋಗಲಿಲ್ಲ. ಗಡಿಯಾರದ ಅಂಕಿ ಅಳೆಯುವುದು ಓಟವನ್ನು, ಲೈಕಿನ ಅಂಕಿ ಅಳೆಯುವುದು ಉತ್ಸಾಹವನ್ನು. ಎರಡನ್ನೂ ಒಂದೇ ಎಂದು ತಿಳಿದಾಗ ವಿಷಯ ಬಲ್ಲವರ ಮಾತಿಗೆ ಬೆಲೆ ಸಿಗಲಿಲ್ಲ.

ಲೈಕ್ ಗುಂಡಿಯನ್ನು ಸಮರ್ಥಿಸುವವರ ವಾದಗಳೂ ಗಂಭೀರವಾದವು, ಅವಕ್ಕೆ ಉತ್ತರ ಕೊಡಬೇಕು. ಬರೆಯಲು ಸಂಕೋಚಪಡುವವರಿಗೆ ಅದು ಭಾಗವಹಿಸುವ ದಾರಿ ಎನ್ನುವುದು ಮೊದಲನೆಯದು. ಆದರೆ ಆ ದಾರಿ ಅವರನ್ನು ಮಾತಿನವರೆಗೆ ಕರೆತರುವುದಿಲ್ಲ, ಮಾತಿಲ್ಲದೆಯೇ ಮುಗಿಸಿಬಿಡುತ್ತದೆ, ಮತ್ತು ಭಿನ್ನಾಭಿಪ್ರಾಯ ಇರುವ ಸಂಕೋಚದವರಂತೂ ಎದುರಿನ ದೊಡ್ಡ ಅಂಕಿಯನ್ನು ಕಂಡು ಇನ್ನಷ್ಟು ಹಿಂಜರಿಯುತ್ತಾರೆ. ಸಾವಿರ ಕಮೆಂಟುಗಳಲ್ಲಿ ಒಳ್ಳೆಯದನ್ನು ಆರಿಸಲು ಅದು ಬೇಕು ಎನ್ನುವುದು ಎರಡನೆಯದು. ಮೇಲೆ ಹೇಳಿದ ಪ್ರಯೋಗದ ಪ್ರಕಾರ ಅದು ಆರಿಸುವುದು ಮೊದಲು ಮೆಚ್ಚುಗೆ ಪಡೆದುದನ್ನು, ಆದ್ದರಿಂದ ಆಯ್ಕೆಯ ಕೆಲಸವನ್ನು ಹೆಸರು ಹೇಳಿ ಹೊಣೆ ಹೊರುವ ನಿರ್ವಾಹಕರು ಮಾಡುವುದೇ ಸರಿ. ಬಹುಮತವೇ ಪ್ರಜಾಪ್ರಭುತ್ವ ಎನ್ನುವುದು ಮೂರನೆಯದು. ಆದರೆ ಗ್ರಾಮಸಭೆಯಲ್ಲಾಗಲಿ ವಿಧಾನಸಭೆಯಲ್ಲಾಗಲಿ ಕೈ ಎಣಿಸುವುದು ಚರ್ಚೆ ಮುಗಿದ ಮೇಲೆ, ಎಲ್ಲ ಪಕ್ಷಗಳ ಮಾತು ಕೇಳಿಯಾದ ಮೇಲೆ. ಪ್ರತಿ ವಾಕ್ಯಕ್ಕೂ ಕೈ ಎತ್ತಿಸುವ ಸಭೆಯಲ್ಲಿ ಎರಡನೆಯ ವಾಕ್ಯವನ್ನು ಆಡಲು ಅಲ್ಪಸಂಖ್ಯೆಯಲ್ಲಿರುವವರಿಗೆ ಧೈರ್ಯವೇ ಉಳಿಯದು.

ಲೈಕ್ ಎಣಿಕೆಯಿಲ್ಲದ ದೊಡ್ಡ ವೇದಿಕೆ ನಡೆಯಲಾರದೆಂಬುದೂ ನಿಜವಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಕ್ಕೊಂದು ಚರ್ಚೆಯ ಪುಟವಿದೆ, ಸಮುದಾಯದ ಒಟ್ಟು ವಿಷಯಗಳಿಗೆ ಅರಳಿಕಟ್ಟೆ ಎಂಬ ಪುಟವಿದೆ. ಅಲ್ಲಿ ಒಪ್ಪದವರು ಆಧಾರ ಕೊಟ್ಟು ಬರೆಯಬೇಕು, ಬರೆದವರ ಸಹಿ ಮತ್ತು ಸಮಯ ಅದರ ಕೆಳಗೆ ಉಳಿಯುತ್ತದೆ. ಯಾರಾದರೂ ಮಾಡಿದ ತಿದ್ದುಪಡಿ ಇಷ್ಟವಾದರೆ ಧನ್ಯವಾದ ಕಳಿಸುವ ಕೊಂಡಿ 2013ರಿಂದ ವಿಕಿಪೀಡಿಯದಲ್ಲಿದ್ದು, ಆ ಧನ್ಯವಾದ ತಿದ್ದುಪಡಿ ಮಾಡಿದವರಿಗೆ ತಲುಪುತ್ತದೆಯೇ ಹೊರತು ಲೇಖನದ ಕೆಳಗೆ ಅಂಕಿಯಾಗಿ ಮೂಡುವುದಿಲ್ಲ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲೂ ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲೂ ವಿದ್ಯಾರ್ಥಿಗಳು ವಿಕಿಪೀಡಿಯ ಸಂಪಾದನೆಯನ್ನು ಕಲಿತಿರುವುದರಿಂದ, ಎಣಿಕೆಯಿಲ್ಲದ ಚರ್ಚೆ ಹೇಗಿರುತ್ತದೆಂದು ಬಲ್ಲ ಯುವಕ ಯುವತಿಯರು ಈ ತಾಲ್ಲೂಕುಗಳಲ್ಲೇ ಇದ್ದಾರೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮುಗಳು 2021ರಲ್ಲಿ ಲೈಕ್ ಎಣಿಕೆಯನ್ನು ಮರೆಮಾಡುವ ಆಯ್ಕೆಯನ್ನು ಬಳಕೆದಾರರಿಗೆ ಕೊಟ್ಟವು, ಯೂಟ್ಯೂಬ್ ಅದೇ ವರ್ಷ ಡಿಸ್‌ಲೈಕ್ ಎಣಿಕೆಯನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಿತು. ಗುಂಡಿಯನ್ನು ತಂದ ಕಂಪನಿಗಳಿಗೇ ಅಂಕಿಯ ಕೆಡುಕು ಅರ್ಥವಾಗಿದೆ.

ಊರಿನ ಸುದ್ದಿಪುಟ ನಡೆಸುವವರು, ಕಾಲೇಜು ಮತ್ತು ಯಕ್ಷಗಾನ ಬಳಗಗಳ ಗುಂಪುಗಳ ನಿರ್ವಾಹಕರು ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಎಣಿಕೆ ಮರೆಮಾಡುವ ಆಯ್ಕೆ ಇರುವಲ್ಲಿ ಅದನ್ನು ಬಳಸುವುದು, ಕಮೆಂಟುಗಳನ್ನು ಜನಪ್ರಿಯತೆಯ ಬದಲು ಸಮಯದ ಕ್ರಮದಲ್ಲಿ ತೋರಿಸುವುದು, ಗಂಭೀರ ವಿಷಯದ ಪೋಸ್ಟಿಗೆ ಕಾರಣ ಸಹಿತ ಉತ್ತರವನ್ನೇ ಕೇಳುವ ನಿಯಮ ಮಾಡುವುದು, ಉತ್ತರ ಬಂದ ಪ್ರಶ್ನೆಯನ್ನು ಮತ್ತೆ ಮತ್ತೆ ಎಸೆಯುವವರನ್ನು ತಡೆಯುವುದು, ಇಷ್ಟನ್ನು ಇವತ್ತೇ ಮಾಡಬಹುದು. ಹೊಸ ವೇದಿಕೆ ಕಟ್ಟುವವರಾದರೆ ಮೊದಲಿನಿಂದಲೇ ಆ ಗುಂಡಿಯನ್ನು ಬಿಟ್ಟು ಕಟ್ಟಬೇಕು. ರಸ್ತೆ ಎಲ್ಲಿ ಹಾಯಬೇಕು, ತಂತಿ ಯಾರ ತೋಟದ ಮೇಲೆ ಹೋಗಬೇಕು, ಯಾರ ಮೇಲಿನ ಆರೋಪವನ್ನು ನಂಬಬೇಕು ಎಂಬಂಥ ಪ್ರಶ್ನೆಗಳಿಗೆ ಸಿಕ್ಕುವ ಉತ್ತರದ ಫಲವನ್ನು ಉಣ್ಣುವವರು ಊರಿನ ಜನರೇ. ಆ ಉತ್ತರವನ್ನು ಮಾತಿಗೆ ಮಾತು ಕೊಟ್ಟು, ಕಾರಣಕ್ಕೆ ಕಾರಣ ಕೊಟ್ಟು ಕಂಡುಕೊಳ್ಳುವ ಶಕ್ತಿ ಈ ನೆಲಕ್ಕೆ ಹಿಂದಿನಿಂದಲೂ ಇದೆ, ಅದನ್ನು ಹೆಬ್ಬೆರಳಿನ ಲೆಕ್ಕಕ್ಕೆ ಒಪ್ಪಿಸಿಬಿಡಲು ಯಾವ ಸಕಾರಣವೂ ಇಲ್ಲ.