ಲೈಸೆನ್ಸ್ ಯಾರಿಗೆ?

ಹೋದ ತಿಂಗಳು ಸಂಘದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಕೇಳಿದರು: "ಮೇಡಂ, ಆ ದಂಧೆಗೆ ಸರ್ಕಾರನೇ ಲೈಸೆನ್ಸ್ ಕೊಟ್ಟುಬಿಟ್ರೆ ಹುಡುಗೀರನ್ನ ಕದ್ದು ಮಾರೋದು ನಿಲ್ಲುತ್ತಂತೆ, ಹೌದಾ?" ಕೆಲವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕೇಳಿದಾಕೆ ಮಾತ್ರ ನಗಲಿಲ್ಲ. ಒಂದು ಕಾಲದಲ್ಲಿ ನಾನೂ ಹೌದೆನ್ನುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ.

ನಮ್ಮ ದೇಶದಲ್ಲಿ ವಯಸ್ಕ ಹೆಣ್ಣೊಬ್ಬಳು ಒಪ್ಪಿ ಈ ವೃತ್ತಿ ಮಾಡುವುದೇ ಅಪರಾಧವಲ್ಲ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಶಿಕ್ಷಿಸುವುದು ವೇಶ್ಯಾಗೃಹ ನಡೆಸುವವರನ್ನು, ಅವಳ ಗಳಿಕೆಯಲ್ಲಿ ಬದುಕುವವರನ್ನು, ಕರೆತಂದು ಈ ಕೂಪಕ್ಕೆ ತಳ್ಳುವವರನ್ನು. ಆದರೆ ಅದೇ ಕಾಯ್ದೆಯ 8ನೇ ಕಲಂ ರಸ್ತೆಯಲ್ಲಿ ನಿಂತು ಗಿರಾಕಿ ಕರೆದವಳನ್ನೂ ಜೈಲಿಗೆ ಕಳಿಸಬಲ್ಲದು. ಪೊಲೀಸರ ಕೈಗೆ ಸುಲಭವಾಗಿ ಸಿಗುವವಳು ಇವಳೇ, ಮಾರಿದವನಲ್ಲ. ಒಪ್ಪಿ ವೃತ್ತಿಯಲ್ಲಿರುವ ವಯಸ್ಕರನ್ನು ಬಂಧಿಸಿ ಪೀಡಿಸಬಾರದೆಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ನಿರ್ದೇಶನ ಕೊಟ್ಟಿತು. ಕಲಂ ಮಾತ್ರ ಹಾಗೇ ಇದೆ. ಅದು ಹೋಗಬೇಕು. ಠಾಣೆಗೆ ಹೆದರುವ ಹೆಣ್ಣು, ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ ಹದಿನಾಲ್ಕರ ಹುಡುಗಿಯ ಬಗ್ಗೆ ಯಾರಿಗೆ ದೂರು ಕೊಟ್ಟಾಳು?

ಮನೆ ನಡೆಸುವವರಿಗೆ ಲೈಸೆನ್ಸ್ ಕೊಡುವುದು ಬೇರೆ ಮಾತು. ಜರ್ಮನಿ 2002ರಲ್ಲಿ ಈ ವೃತ್ತಿಯನ್ನು ಉಳಿದ ಕೆಲಸಗಳ ಸಾಲಿಗೆ ತಂದಿತು. 2017ರಲ್ಲಿ ಇನ್ನೊಂದು ಕಾನೂನು ತಂದು ವೇಶ್ಯಾಗೃಹಕ್ಕೆ ಪರವಾನಗಿ, ಹೆಣ್ಣಿಗೆ ನೋಂದಣಿ ಕಡ್ಡಾಯ ಮಾಡಬೇಕಾಯಿತು. ಮೊದಲನೆಯದರಿಂದಲೇ ಶೋಷಣೆ ನಿಂತಿದ್ದರೆ ಎರಡನೆಯದು ಏಕೆ ಬೇಕಿತ್ತು? 2023ರ ಕೊನೆಗೆ ಹೆಸರು ಬರೆಸಿದ್ದವರು ಸುಮಾರು 30,600. ಬರೆಸದವರು ಇನ್ನೂ ಬಹಳ ಎಂಬುದು ಅಲ್ಲಿಯವರದೇ ಮಾತು. ಪಾಸ್‌ಪೋರ್ಟನ್ನು ದಲ್ಲಾಳಿಯ ಕೈಗೆ ಕಳಕೊಂಡವಳು ಯಾವ ಕಚೇರಿಗೆ ಹೋಗಿ ಹೆಸರು ಬರೆಸುತ್ತಾಳೆ?

ನನಗೆ ಹೆಚ್ಚು ಹಿಡಿಸಿದ್ದು ಕೋಲ್ಕತ್ತದ ಸೋನಾಗಾಚಿಯ ಹೆಂಗಸರು ಮಾಡಿದ ಕೆಲಸ. 1995ರಲ್ಲಿ ಅವರು 'ಉಷಾ' ಎಂಬ ಸಹಕಾರ ಸಂಘ ಕಟ್ಟಿಕೊಂಡರು. ನಮ್ಮ ಸಂಘದಂತೆಯೇ ಉಳಿತಾಯ, ಕಡಿಮೆ ಬಡ್ಡಿಯ ಸಾಲ. ಅವರದೇ ಸಂಘಟನೆ 'ದುರ್ಬಾರ್' ಮಂಡಳಿಗಳನ್ನು ಮಾಡಿ, ಹೊಸದಾಗಿ ಬಂದ ಹುಡುಗಿಯ ವಯಸ್ಸೆಷ್ಟು, ಒಪ್ಪಿ ಬಂದಳೇ ಎಂದು ವಿಚಾರಿಸುತ್ತದೆ. ಇದನ್ನು ಒಪ್ಪದ ಮಹಿಳಾ ಸಂಘಟನೆಗಳೂ ಇವೆ, ಅವರ ಅನುಮಾನಗಳು ಸುಳ್ಳಲ್ಲ. ಆದರೂ ಹುಡುಗಿಯ ಮುಖ ಮೊದಲು ಕಾಣುವುದು ಆ ಓಣಿಯ ಹೆಂಗಸರಿಗೆ, ಪರವಾನಗಿ ಕೊಡುವ ಅಧಿಕಾರಿಗಲ್ಲ.

ಅದಕ್ಕೂ ಮೊದಲು ಅವಳ ಮುಖ ಕಾಣುವುದು ನಮಗೆ. ಮಾರಾಟ ಶುರುವಾಗುವುದು ಊರಿನಲ್ಲೇ. "ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ" ಎಂದು ದೂರದ ರಾಜ್ಯದ ಗಂಡಿನ ಪರವಾಗಿ ದಲ್ಲಾಳಿ ಬರುತ್ತಾನೆ. ಮೂರು ಹೆಣ್ಣು ಹೆತ್ತ, ಸಾಲದಲ್ಲಿ ಮುಳುಗಿದ ತಂದೆಗೆ ಅವನು ದೇವರಂತೆ ಕಾಣುತ್ತಾನೆ. ವರದಕ್ಷಿಣೆಯ ಭಯವೇ ಅವನ ಬಂಡವಾಳ.

ಸಭೆ ಮುಗಿದ ಮೇಲೆ ಆ ಸದಸ್ಯೆ ಹಿಂದೆಯೇ ಉಳಿದರು. ಅಕ್ಕನ ಮಗಳಿಗೆ ಅಂಥದೇ ಸಂಬಂಧ ಬಂದಿದೆ. ಹುಡುಗಿಗೆ ಇನ್ನೂ ಹದಿನೇಳು. ಗಂಡಿನ ಊರು, ವಿಳಾಸ ಯಾರಿಗೂ ಗೊತ್ತಿಲ್ಲ. ಬರುವ ಭಾನುವಾರ ಸಂಘದಿಂದ ನಾಲ್ವರು ಆ ಮನೆಗೆ ಹೋಗುತ್ತಿದ್ದೇವೆ. 1098ಕ್ಕೆ ಆಗಲೇ ಫೋನ್ ಮಾಡಿದ್ದಾಗಿದೆ.